ಮರದ ಮೇಲಷ್ಟೇ ಕುಂಕುಮ

ನಮ್ಮ ಅಪ್ಪನಿಗೆ ಕಂಪ್ಲಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇತ್ತು. ಬಿತ್ತನೆ ಹತ್ತಿರ ಬಂತೆಂದರೆ ಕಂಪನಿಯವರು ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ಸಾಲುಗಟ್ಟಿ ಬರೋರು. ಒಬ್ಬನ ಬೀಜಕ್ಕೆ ಹುಳ ಬೀಳುವುದಿಲ್ಲ, ಇನ್ನೊಬ್ಬನ ಔಷಧಿ ಹೊಡೆದರೆ ಕಳೆ ಮುಂದಿನ ಜನ್ಮಕ್ಕೂ ಏಳುವುದಿಲ್ಲ. ಅಪ್ಪ ಅವರಿಗೆ ಚಹಾ ತರಿಸಿ, ಮಾತೆಲ್ಲ ಕೇಳಿ, ಕೊನೆಗೆ ಪೊಟ್ಟಣವನ್ನು ಬೋರಲು ಮಾಡಿ ಹಿಂಭಾಗ ಓದೋರು. "ಮುಂದ ಬರದದ್ದು ಮಾರೋನ ಮಾತು, ಹಿಂದ ಬರದದ್ದು ವಕೀಲನ ಮಾತು. ಎರಡೂ ಒಂದಕ್ಕೊಂದು ಹೊಂದ್ತಾವೇನು ನೋಡ್ಬೇಕವ್ವ," ಎನ್ನೋರು. ಹೊಂದದಿದ್ದರೆ ಪೊಟ್ಟಣ ವಾಪಸು, ಚಹಾ ಮಾತ್ರ ಅವನ ಪಾಲಿಗೆ. ಅಪ್ಪನಿಂದ ನನಗೆ ಬಂದ ಆಸ್ತಿ ಇದೊಂದೇ. ಇದು ಬದನೆ ಬೀಜಕ್ಕಷ್ಟೇ ಅಲ್ಲ, ಬಂದೂಕಿಗೂ ಲಾಗೂ ಆಗುತ್ತದೆ ಎಂದು ನಾನು ಹೇಳಿದಾಗ ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ನಗುವುದಿಲ್ಲ.

ನಮ್ಮ ಮನೆಯವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಹೊಸಪೇಟೆಯ ಒಂದು ಸೆಕ್ಯುರಿಟಿ ಏಜೆನ್ಸಿಯ ಮೂಲಕ ಸಂಡೂರಿನ ಗಣಿಯೊಂದರಲ್ಲಿ ಗನ್‌ಮ್ಯಾನ್ ಆಗಿ ಸೇರಿದರು. ಬಂಡೆ ಒಡೆಯುವ ಸಿಡಿಮದ್ದು ಇಟ್ಟಿರುವ ಗೋದಾಮಿನ ಕಾವಲು. ಈ ಕೆಲಸಕ್ಕೆ ಲೈಸೆನ್ಸೂ ಸ್ವಂತದ್ದಿರಬೇಕು, ಬಂದೂಕೂ ಸ್ವಂತದ್ದಿರಬೇಕು. ಬಂದೂಕಿದ್ದವನು ಗನ್‌ಮ್ಯಾನ್, ಇಲ್ಲದವನು ಸೀಟಿ ಕಚ್ಚಿಕೊಂಡು ಲಾರಿಗೆ ಗೇಟು ಎತ್ತುವವನು. ಇಬ್ಬರಿಗೂ ಖಾಕಿಯೇ, ಆದರೆ ಗನ್‌ಮ್ಯಾನ್‌ಗೆ ಎಲ್ಲರೂ "ಸಾಹೇಬ್ರ" ಅನ್ನುತ್ತಾರೆ, ಗೇಟಿನವನಿಗೆ ಲಾರಿ ಕ್ಲೀನರ್ ಕೂಡ "ಏ" ಅನ್ನುತ್ತಾನೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು, ನನ್ನ ಸಿಟ್ಟಿನ ಬುಡ ಇರುವುದು ಅಲ್ಲೇ.

ಸಂಡೂರಿನ ಧೂಳನ್ನು ಕಾಣದವರಿಗೆ ಅದನ್ನು ವಿವರಿಸುವುದು ಕಷ್ಟ. ಅದು ರಸ್ತೆಯ ಧೂಳಲ್ಲ, ಅದಿರಿನ ಹುಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ, ಕೆಂಪಗೆ, ಒಂದು ಚಿಟಿಕೆಯಷ್ಟೇ ಆದರೂ ಕೈಗೆ ಭಾರ. ಗಿಡದ ಎಲೆ ಕೆಂಪು, ನಾಯಿ ಕೆಂಪು, ತಂತಿಯ ಮೇಲಿನ ಗುಬ್ಬಿ ಕೆಂಪು. ಮುಚ್ಚಿದ ಡಬ್ಬಿಯಲ್ಲಿ ಊಟ ಕಟ್ಟಿಕೊಟ್ಟರೂ ಅನ್ನದ ಮೇಲೆ ಒಂದು ಪದರ ಬಂದು ಕೂತಿರುತ್ತದೆ. ಅವರ ಖಾಕಿಯನ್ನು ನೆನೆಹಾಕಿದರೆ ಬಕೆಟ್ಟಿನ ತಳದಲ್ಲಿ ಕೆಸರು ನಿಲ್ಲುತ್ತದೆ, ಕೈ ಹಾಕಿ ಬಳಿದು ತೆಗೆಯಬೇಕು. ನಾನು ಒಗೆದು ಒಗೆದು ನನ್ನ ಉಗುರಿನ ಸಂದಿಯೇ ಗಣಿಯಾಗಿದೆ.

ಅದಕ್ಕೇ ಅವರದೊಂದು ವ್ರತವಿತ್ತು. ಮಲಪನಗುಡಿ ಕಡೆ ಇರುವ ನಮ್ಮ ಮನೆಗೆ ಡ್ಯೂಟಿ ಮುಗಿಸಿ ಬಂದರೆ, ಕೈಕಾಲು ತೊಳೆಯುವ ಮೊದಲು ಬಂದೂಕು. ಗೋಣಿತಾಟು ಹಾಸಿ, ಬೋಲ್ಟ್ ಅಂದರೆ ಗುಂಡನ್ನು ಒಳಗೆ ತಳ್ಳುವ ಆ ಕಬ್ಬಿಣದ ಗೂಟವನ್ನು ಬಿಚ್ಚಿ ಪಕ್ಕಕ್ಕಿಡೋರು. ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಒಂದು ಹಗ್ಗ ಇತ್ತು, ಅದರ ಇನ್ನೊಂದು ತುದಿಗೆ ನನ್ನ ಹಳೆಯ ಬಿಳಿ ಸೀರೆಯ ಚಿಂದಿ. ಹಗ್ಗವನ್ನು ಹಿಂದಿನಿಂದ ಇಳಿಬಿಟ್ಟು ನಳಿಕೆಯ ಬಾಯಿಂದ ಎಳೆಯೋರು. ಮೊದಲ ಚಿಂದಿ ಕೆಂಪಗೆ ಬರುತ್ತಿತ್ತು, ಆಮೇಲಿನದು ಕಾವಿ, ಆಮೇಲಿನದು ಮಾಸಲು. ಬಿಳಿ ಬರುವ ತನಕ ಬಿಡೋರಲ್ಲ. ಕೊನೆಯ ಚಿಂದಿಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಬೆಳಕಿನ ಕಡೆ ತಿರುಗಿ ಎದೆಯ ಮುಂದೆ ಎತ್ತೋರು. ಸೈನ್ಯದಲ್ಲಿ ಅಧಿಕಾರಿಯ ಮುಂದೆ ಹಾಗೆ ತೋರಿಸಬೇಕಿತ್ತಂತೆ, ಅವನು ತಲೆಯಾಡಿಸಿದರೆ ಆ ದಿನದ ಕೆಲಸ ಮುಗಿದಂತೆ.

"ನನ್ನ ಮುಖಾನ ಒಂದಿನನಾರ ಹಿಂಗ ಎತ್ತಿ ನೋಡೀರೇನು?" ಎಂದು ಕೆಣಕುತ್ತಿದ್ದೆ.

"ನಿನ್ನ ಮುಖಕ್ಕ ತುಕ್ಕು ಹಿಡಿಯಂಗಿಲ್ಲಲೇ," ಎನ್ನೋರು.

ಆಯುಧಪೂಜೆಗೂ ಅವರದು ಇದೇ ಕಟ್ಟುನಿಟ್ಟು. ಗಣಿಯಲ್ಲಿ ಆ ದಿನ ಡಂಪರಿನಿಂದ ಹಿಡಿದು ಸ್ಪ್ಯಾನರಿನ ತನಕ ಎಲ್ಲಕ್ಕೂ ಪೂಜೆ. ಕಾವಲುಗಾರರ ಬಂದೂಕುಗಳನ್ನೂ ಗೋಡೆಗೆ ಆನಿಸಿ ನಿಲ್ಲಿಸಿ, ಅರಿಶಿನ ಬಳಿದು, ಕುಂಕುಮ ಚೆಲ್ಲಿ, ಕಾಯಿ ಒಡೆದ ನೀರನ್ನು ಚಿಮುಕಿಸುತ್ತಾರೆ. ಮರುದಿನ ನೋಡಿದರೆ ಕಬ್ಬಿಣಕ್ಕೆ ಕಜ್ಜಿ ಬಂದಂತೆ ತುಕ್ಕು. ನಮ್ಮವರು ಮಾತ್ರ ಬಂದೂಕನ್ನು ಯಾರ ಕೈಗೂ ಕೊಡದೆ, ಹಿಂದಿನ ಮರದ ಹಿಡಿಯ ಮೇಲೆ ತಾವೇ ಒಂದು ಬೊಟ್ಟು ಇಟ್ಟು ಕೈ ಮುಗಿದುಬಿಡೋರು. "ದೇವಿಗೆ ಬರೇ ಕಟ್ಟಿಗಿ ತೋರಿಸಿ ಕಳಿಸ್ತೀರಲ್ರಿ," ಎಂದು ನಾನು ನಗುತ್ತಿದ್ದೆ. "ದೇವಿಗೆ ಗೊತ್ತೈತಿ, ಕಬ್ಬಿಣಕ್ಕ ಎಣ್ಣೀನೇ ಪೂಜಾ," ಎನ್ನೋರು.

ಹಳೆಯ ಬಂದೂಕಿನ ಮರ ಸೀಳು ಬಿಟ್ಟಾಗ ಏಜೆನ್ಸಿಯವರು ಹೊಸದನ್ನು ತನ್ನಿ ಎಂದರು. ಆಗಲೇ ಬಂತು ಆ ಆಮಂತ್ರಣ. ಹೊಸದಾಗಿ ರೈಫಲ್ ಮಾಡಲು ಶುರುಮಾಡಿದ್ದ ಒಂದು ಕಂಪನಿ ಹಂಪಿಗೆ ಹೋಗುವ ದಾರಿಯಲ್ಲಿರುವ ಹೋಟೆಲಿನಲ್ಲಿ ಮಾಜಿ ಸೈನಿಕರಿಗೆ ಕುಟುಂಬ ಸಮೇತ ಊಟ ಇಟ್ಟಿತ್ತು. ಊಟವೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಊಟಕ್ಕೆ ಮುಂಚೆ ಕೋಟು ಹಾಕಿದ ಒಬ್ಬ ಯುವಕ ವೇದಿಕೆ ಹತ್ತಿ ಒಂದು ಟ್ರೇ ತುಂಬ ಮರಳು ಇಟ್ಟ. ರೈಫಲನ್ನು ಅದರಲ್ಲಿ ಹೊರಳಾಡಿಸಿದ, ಮೇಲೆ ಮುಷ್ಟಿಗಟ್ಟಲೆ ಸುರಿದ, ಎತ್ತಿ ಒಮ್ಮೆ ಕೊಡವಿದ, ಬೋಲ್ಟ್ ಎಳೆದು ತಳ್ಳಿದ. ಖಟ್, ಖಟ್. ಸಲೀಸು. ಮಾಜಿ ಸೈನಿಕರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಟ್ರೇಯನ್ನು ನೋಡುತ್ತಿದ್ದೆ. ಅದು ಹೊಳೆಯ ಮರಳು. ತೊಳೆದು, ಜರಡಿ ಹಿಡಿದು, ಒಣಗಿಸಿದ್ದು. ರವೆಯ ಹಾಗೆ ಕಾಳುಕಾಳಾಗಿ ಉದುರುತ್ತಿತ್ತು. ತುಂಗಭದ್ರೆ ಸಾವಿರ ವರ್ಷ ತೊಳೆದಿಟ್ಟ ಮರಳು ಕೊಡವಿದರೆ ಉದುರದೆ ಇನ್ನೇನು ಮಾಡುತ್ತದೆ? ನಮ್ಮವರು ಬಂದೂಕು ಹಿಡಿದು ನಿಲ್ಲುವುದು ಹೊಳೆಯ ದಂಡೆಯಲ್ಲಲ್ಲ. ಸಂಡೂರಿನ ಹುಡಿಯನ್ನು ಒಂದು ಚಮಚ ಆ ಟ್ರೇಗೆ ಹಾಕಿದ್ದರೆ ಸಾಕಿತ್ತು. ಪರೀಕ್ಷೆಯ ಪ್ರಶ್ನೆಯನ್ನೂ ಉತ್ತರವನ್ನೂ ಒಬ್ಬನೇ ಬರೆದರೆ ನೂರಕ್ಕೆ ನೂರು ಬರದೆ ಇರುತ್ತದೆಯೇ?

ಕೈಗೆ ಒಂದು ಹೊಳೆಯುವ ಕಾಗದ ಕೊಟ್ಟರು. ಮುಂಭಾಗದಲ್ಲಿ ಒಬ್ಬ ಗಡ್ಡದವನು ಕಣ್ಣು ಕಿರಿದು ಮಾಡಿ ರೈಫಲ್ ಹಿಡಿದು ನಿಂತಿದ್ದಾನೆ, ಹಿಂದೆ ಬಂಡೆಗಳು, ಬಂಡೆಯ ಮೇಲೆ ಒಂದು ಕರಡಿ. ಪಕ್ಕದಲ್ಲೇ ದರೋಜಿಯ ಕರಡಿಧಾಮದಲ್ಲಿ ಸರ್ಕಾರ ಬಂಡೆಗೆ ಬೆಲ್ಲ ಸವರಿ ಕರಡಿಗಳನ್ನು ಸಾಕುತ್ತಿದೆ, ಇಲ್ಲಿ ಇವರು ಕರಡಿಯ ಚಿತ್ರ ತೋರಿಸಿ ಬಂದೂಕು ಮಾರುತ್ತಾರೆ. ತಿರುವಿದೆ. ಹಿಂದೆ ಇರುವೆಯಂಥ ಅಕ್ಷರದಲ್ಲಿ, ವನ್ಯಜೀವಿಗಳಿಗೆ ತೊಂದರೆ ಕೊಡುವುದನ್ನು ಕಂಪನಿ ಬೆಂಬಲಿಸುವುದಿಲ್ಲ ಎಂದಿತ್ತು. ಮುಂದೆ ದಪ್ಪ ಅಕ್ಷರದಲ್ಲಿ, ಧೂಳಿಗೆ ಜಗ್ಗದ, ಎಣ್ಣೆ ಬೇಡದ, ಜೀವಮಾನವಿಡೀ ನಿರ್ವಹಣೆ ಬೇಡದ ರೈಫಲ್ ಎಂದಿತ್ತು. ಹಿಂದೆ, ಧೂಳು ಅಥವಾ ತೇವಾಂಶ ಹೆಚ್ಚಿರುವ ಕಡೆ ಬಳಕೆದಾರರು ತಮ್ಮ ವಿವೇಚನೆಯಂತೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು ಎಂದಿತ್ತು. ಸೂಕ್ತ ಅಂದರೆ ಎಷ್ಟು, ಕ್ರಮ ಅಂದರೆ ಏನು, ಒಂದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಅಪ್ಪನಾಗಿದ್ದರೆ ಅಲ್ಲಿಗೇ ಚಹಾ ಕುಡಿಸಿ ಕಳಿಸುತ್ತಿದ್ದರು.

ನಮ್ಮವರು ಕಾಗದ ನೋಡಿ ಮೊದಲು ನಕ್ಕದ್ದು ಗಡ್ಡದವನನ್ನು ಕಂಡು. "ಬಟ್ಟು ನೋಡು, ಟ್ರಿಗರ್ ಮ್ಯಾಲೆ ಇಟ್ಟಾನ. ಬಂದೂಕ ಹಿಡಿಯೋದು ಕಲಿಸದೇ ಫೋಟೋ ತಗದಾರ," ಎಂದರು. ನನಗೆ ಇವತ್ತಿಗೂ ಅರ್ಥವಾಗದ್ದು ಇದೇ. ಚಿತ್ರ ಸುಳ್ಳೆಂದು ಅವರಿಗೆ ಕಂಡಿತು. ಅದರ ಕೆಳಗಿನ ಮಾತು ಮಾತ್ರ ನಿಜ ಎಂದು ಹೇಗೆ ಅನ್ನಿಸಿತು?

ಅನ್ನಿಸಲಿಕ್ಕೆ ಕಾರಣ ಆ ಕೋಟಿನವನು. ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂತು, "ಸರ್, ನೀವು ಎಷ್ಟು ದಿನಕ್ಕೊಮ್ಮೆ ಕ್ಲೀನ್ ಮಾಡ್ತೀರಿ?" ಎಂದು ಕೇಳಿದ.

"ದಿನಾ ಮಾಡ್ತೀನ್ರಿ," ಎಂದರು ಇವರು, ಬೆನ್ನು ನೆಟ್ಟಗೆ ಮಾಡಿ.

ಅವನು ಅಯ್ಯೋ ಎಂಬಂತೆ ಕೈ ಎತ್ತಿದ. "ಅದು ಹಳೇ ಬಂದೂಕಿಗೆ ಸರ್. ಇದರ ಒಳಗೆ ಸ್ಪೆಷಲ್ ಲೇಪನ ಇದೆ. ದಿನಾ ಉಜ್ಜಿದರೆ ಅದು ಕಿತ್ತು ಹೋಗುತ್ತೆ. ನಿಜ ಹೇಳಬೇಕಂದ್ರೆ, ನಮ್ಮ ರೈಫಲ್ ಹಾಳಾಗೋದೇ ಜಾಸ್ತಿ ಕ್ಲೀನ್ ಮಾಡೋರಿಂದ. ನಿಮ್ಮ ಮಿಲಿಟರಿ ಅಭ್ಯಾಸ ಬಿಟ್ಟುಬಿಡಿ."

ಬಸ್ಸಿನಲ್ಲಿ ನಾನು ಮರಳಿನ ವಿಷಯ ಎತ್ತಿದೆ, ಕಾಗದದ ಹಿಂಭಾಗ ಓದಿ ಹೇಳಿದೆ. ಮುಂದ ಒಂದು ಮಾತು, ಹಿಂದ ಒಂದು ಮಾತು, ಬ್ಯಾಡ ಅಂದೆ. "ನೀನು ಬೀಜದ ಅಂಗಡಿ ಮಗಳು, ಬಂದೂಕಂದ್ರ ಬದನಿಕಾಯಿ ಅಂತ ತಿಳದಿ," ಎಂದು ನಕ್ಕುಬಿಟ್ಟರು. ರೈಫಲ್ ಮನೆಗೆ ಬಂತು. ಬಂದ ದಿನ ಸಂಜೆ ಅಭ್ಯಾಸಬಲದಿಂದ ಗೋಣಿತಾಟು ಹಾಸಿದವರು, ಹಗ್ಗ ಕೈಗೆ ತೆಗೆದುಕೊಂಡು, ಮತ್ತೆ ಅದನ್ನು ಸುತ್ತಿ ಟ್ರಂಕಿನಲ್ಲಿಟ್ಟರು. ಸೈನ್ಯ ಅವರಿಗೆ ಕಲಿಸಿದ್ದು ಎರಡು: ಬಂದೂಕನ್ನು ಒರೆಸುವುದು, ಅಚ್ಚಾದ ಸೂಚನೆಗೆ ತಲೆಬಾಗುವುದು. ಎರಡನೆಯದು ಮೊದಲನೆಯದನ್ನು ತಿಂದುಹಾಕಿತು. ಆಮೇಲೆ ಎಷ್ಟೋ ದಿನ ಸಂಜೆಯ ಹೊತ್ತು ಏನು ಮಾಡಬೇಕೆಂದು ತೋಚದೆ ಅಂಗಳದಲ್ಲಿ ಓಡಾಡುತ್ತಿದ್ದರು. ನನಗೆ ನೋಡಿ ಸಂಕಟವಾಗುತ್ತಿತ್ತು. ಕುಡಿಯುವುದನ್ನು ಬಿಡಿಸಿದರೆ ಹೆಂಡತಿ ಸಂತೋಷಪಡುತ್ತಾಳೆ, ಒಳ್ಳೆಯ ಅಭ್ಯಾಸ ಬಿಡಿಸಿದವನಿಗೆ ಏನನ್ನಬೇಕು?

ಮಳೆಗಾಲ ಬಂತು. ಗಣಿಯ ಹುಡಿ ಕೆಸರಾಯಿತು, ಕೆಸರು ಒಣಗಿ ಮತ್ತೆ ಹುಡಿಯಾಯಿತು. ಬೋಲ್ಟ್ ಸ್ವಲ್ಪ ಬಿಗಿ ಹಿಡಿಯುತ್ತಿದೆ ಅನ್ನಿಸಿ ಇವರು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದೇನೆ. ಜೇನಿನಂಥ ದನಿಯ ಹುಡುಗಿ, "ಹೊಸ ರೈಫಲ್ ಅಲ್ವಾ ಸರ್, ಬಿಗಿ ಇರುತ್ತೆ, ಬಳಸ್ತಾ ಬಳಸ್ತಾ ಒಗ್ಗಿಕೊಳ್ಳುತ್ತೆ. ದಯವಿಟ್ಟು ಎಣ್ಣೆ ಗಿಣ್ಣೆ ಹಾಕಬೇಡಿ," ಎಂದಳು. ಅದನ್ನು ಬರೆದುಕೊಡು ತಾಯಿ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಆಯುಧಪೂಜೆ ಕಳೆದು ಸ್ವಲ್ಪ ದಿನಕ್ಕೆ ಏಜೆನ್ಸಿಯ ಸೂಪರ್‌ವೈಜರ್ ಬಂದೂಕುಗಳ ತಪಾಸಣೆ ಇಟ್ಟ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೋಲ್ಟ್ ತೆಗೆಸಿ ನೋಡುವುದು. ಒಬ್ಬೊಬ್ಬರದೂ ಖಟ್ ಖಟ್ ಎಂದು ತೆರೆಯುತ್ತ ಬಂತು. ಇವರ ಸರದಿ ಬಂದಾಗ ಬೋಲ್ಟ್ ಕದಲಲಿಲ್ಲ. ಅಂಗೈಯಿಂದ ಹೊಡೆದರು, ಕದಲಲಿಲ್ಲ. ಸೂಪರ್‌ವೈಜರ್ ತನ್ನ ಬೂಟಿನಿಂದ ಒದ್ದು ತೆರೆದ. ಒಳಗಿಂದ ಕೆಂಪು ಹೆಪ್ಪು ಉದುರಿ ಬಿತ್ತು. "ಮಿಲಿಟರಿ ಅಂತ ಎದಿ ಉಬ್ಬಿಸ್ತಿದ್ದಿ. ಇದೇನಿದು, ಬಂದೂಕೋ ನೆಲ ಅಗಿಯೋ ಹಾರಿಯೋ?" ಎಂದನಂತೆ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರಂತೆ. ಇದನ್ನು ನನಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದರು.

ರೈಫಲನ್ನು ಕಂಪನಿಗೆ ಕಳಿಸಿದೆವು. ವಾಪಸು ಬಂತು, ರಿಪೇರಿಯಾಗಿ ಅಲ್ಲ, ಹೋದ ಹಾಗೆಯೇ, ಜೊತೆಗೊಂದು ವರದಿ ಅಂಟಿಸಿಕೊಂಡು. ಯಂತ್ರಭಾಗದಲ್ಲಿ ಪೂಜೆಗೆ ಬಳಸುವ ಕೆಂಪು ಪುಡಿ ಕಂಡುಬಂದಿದೆ, ಇದು ಬಳಕೆದಾರರ ನಿರ್ಲಕ್ಷ್ಯ, ಕಂಪನಿ ಹೊಣೆಯಲ್ಲ. ಅದರ ಒಂದು ಪ್ರತಿ ಏಜೆನ್ಸಿಗೂ ಹೋಗಿತ್ತು. ಆ 'ನಿರ್ಲಕ್ಷ್ಯ' ಎಂಬ ಶಬ್ದ ನೋಡಿ ಏಜೆನ್ಸಿಯವರು ಇವರನ್ನು ಗೋದಾಮಿನ ಕಾವಲಿನಿಂದ ತೆಗೆದು ಗೇಟಿಗೆ ಹಾಕಿದರು. ಕೈಗೆ ಸೀಟಿ ಬಂತು.

ಕುಂಕುಮವಂತೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲೋ ಕೂತ ಕಂಪನಿಯ ಇಂಜಿನಿಯರೊಬ್ಬ ಕೆಂಪು ಕಂಡ, ದಸರಾ ಕಳೆದಿದೆ ಎಂದು ಲೆಕ್ಕ ಹಾಕಿದ, ಹಳ್ಳಿಗರು ಬಂದೂಕಿಗೂ ಕುಂಕುಮ ಸುರಿಯುತ್ತಾರೆ ಎಂದು ನಕ್ಕು ಬರೆದು ಕಳಿಸಿದ. ಕಬ್ಬಿಣಕ್ಕೆ ಕುಂಕುಮ ಸೋಕಿಸದ ಒಬ್ಬನೇ ಒಬ್ಬ ಕಾವಲುಗಾರ ಇಡೀ ಗಣಿಯಲ್ಲಿ ಇದ್ದದ್ದು ನಮ್ಮವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು, ಕೆಂಪಗಿರುವುದೆಲ್ಲ ಕುಂಕುಮವಲ್ಲ ಎಂಬುದು ಇಂಜಿನಿಯರಿಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಟ್ರಂಕಿನಿಂದ ಹಗ್ಗ ಹೊರಬಂತು. ಬೋಲ್ಟಿನ ಸಂದಿಯಿಂದ ಕೆರೆದ ಹೆಪ್ಪನ್ನು ಇವರು ಸ್ಟೀಲಿನ ತಟ್ಟೆಯಲ್ಲಿ ಹಾಕಿದರು. ನಾನು ಅದನ್ನು ಬೆರಳಲ್ಲಿ ಹೊಸಕಿದೆ. ಗೊತ್ತಾಗದೆ ಏನು, ವರ್ಷಗಟ್ಟಲೆ ಒಗೆದ ಹುಡಿ! ಆದರೂ ಅಡುಗೆಮನೆಯಿಂದ ಎರಡು ಗಾಜಿನ ಲೋಟ ತಂದು ನೀರು ತುಂಬಿ, ಒಂದಕ್ಕೆ ದೇವರ ಮನೆಯ ಕುಂಕುಮ, ಇನ್ನೊಂದಕ್ಕೆ ಈ ಪುಡಿ ಹಾಕಿದೆ. ಕುಂಕುಮ ಅರ್ಧ ತೇಲಿತು, ನೀರೆಲ್ಲ ಓಕುಳಿಯಾಯಿತು. ಗಣಿಯ ಹುಡಿ ಮುಳುಗಿ ತಳ ಹಿಡಿಯಿತು, ಸ್ವಲ್ಪ ಹೊತ್ತಿಗೆ ಮೇಲಿನ ನೀರು ತಿಳಿಯಾಯಿತು. ಇದಕ್ಕೆ ಲ್ಯಾಬೂ ಬೇಡ, ಡಿಗ್ರಿಯೂ ಬೇಡ, ಎರಡು ಲೋಟ ಸಾಕು.

ಕಂಪನಿ ಮತ್ತೆ ಅದೇ ಹೋಟೆಲಿನಲ್ಲಿ ಊಟ ಇಟ್ಟಾಗ ನಾವಿಬ್ಬರೂ ಕರೆಯದೆಯೇ ಹೋದೆವು. ಇವರು ಬೇಡ ಬೇಡ ಅಂದರು, ನಾನು ಕೈ ಹಿಡಿದು ಎಳೆದುಕೊಂಡೇ ಹೋದೆ. ನನಗೆ ಬೇರೇನೂ ಬೇಕಿರಲಿಲ್ಲ. ಹೊಸ ರೈಫಲ್ ಬೇಡ, ಕ್ಷಮೆಯೂ ಬೇಡ. ನಿರ್ಲಕ್ಷ್ಯ ಎಂಬ ಶಬ್ದವನ್ನು ವಾಪಸು ತೆಗೆದುಕೊಂಡು ಏಜೆನ್ಸಿಗೆ ಒಂದು ಸಾಲು ಬರೆಯಲಿ, ಇವರು ಮತ್ತೆ ಗೋದಾಮಿನ ಬಾಗಿಲಲ್ಲಿ ನಿಲ್ಲಲಿ, ಅಷ್ಟೇ. ವೇದಿಕೆಯಲ್ಲಿ ಅದೇ ಟ್ರೇ, ಅದೇ ಹೊಳೆಯ ಮರಳು, ಅದೇ ಚಪ್ಪಾಳೆ. ಕೋಟಿನವನು ಕೆಳಗಿಳಿದು ಬಂದಾಗ ಅವನ ಮುಂದೆ ಎರಡು ಲೋಟ ಇಟ್ಟು ಎರಡು ಪುಡಿಯನ್ನೂ ಹಾಕಿದೆ. "ನೋಡ್ರಿ, ಯಾವುದು ನಿಮ್ಮ ಕುಂಕುಮ, ಯಾವುದು ನಮ್ಮ ಸಂಡೂರು? ಕಣ್ಣಿದ್ರ ಹೇಳ್ರಿ," ಅಂದೆ.

ಅವನು ದಡ್ಡನಲ್ಲ. ಲೋಟಗಳನ್ನು ನೋಡಿ ತಲೆಯಾಡಿಸಿದ. "ಮೇಡಂ, ನೀವು ಹೇಳೋದು ಸರಿ. ಇದು ಕುಂಕುಮ ಅಲ್ಲ," ಎಂದ. ನನಗೆ ಒಂದು ಕ್ಷಣ ಎದೆ ಹಗುರಾಯಿತು. "ಆದ್ರೆ ಅದಿರಿನ ಧೂಳು ಅಂದ್ರೆ, ಧೂಳಿನ ಪ್ರದೇಶ ಅಂತಾಯ್ತು. ಅಲ್ಲಿ ಸೂಕ್ತ ಕ್ರಮ ಕೈಗೊಳ್ಳೋದು ಬಳಕೆದಾರರ ಜವಾಬ್ದಾರಿ ಅಂತ ಹಿಂದೆ ಬರೆದೇ ಇದೆಯಲ್ಲ ಮೇಡಂ. ಆಗಲೂ ನಿರ್ಲಕ್ಷ್ಯವೇ ಆಗುತ್ತೆ."

"ಒರಸಬ್ಯಾಡ್ರಿ ಅಂತ ಹೇಳಿದವರು ಯಾರ್ರಿ? ಇದೇ ಕುರ್ಚಿ ಮ್ಯಾಲೆ ಕುಂತು ನೀವೇ ಹೇಳಲಿಲ್ಲೇನು?"

"ಅದು ನನ್ನ ವೈಯಕ್ತಿಕ ಸಲಹೆ ಮೇಡಂ, ಕಂಪನಿಯದಲ್ಲ," ಎಂದ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು ಎಂಬ ಮಾತು ಕೇಳಿದ್ದೆ, ಕೋತಿ ಕೋಟು ಹಾಕಿಕೊಂಡದ್ದನ್ನು ಅವತ್ತೇ ನೋಡಿದ್ದು. ಕುಂಕುಮವಾದರೂ ಇವರದೇ ತಪ್ಪು, ಧೂಳಾದರೂ ಇವರದೇ ತಪ್ಪು. ನಾನು ಬಾಯಿ ಮಾಡಲು ಶುರುಮಾಡಿದೆ. ಸುತ್ತ ಜನ ತಿರುಗಿ ನೋಡಿದರು. ಆಗ ಅವನು ಜಾಣತನ ಮಾಡಿದ. ನನ್ನನ್ನು ಬಿಟ್ಟು ಇವರ ಕಡೆ ತಿರುಗಿ, "ಸರ್, ನಿಮ್ಮಂಥ ಅನುಭವಿಗಳಿಂದ ನಾವು ಕಲೀಬೇಕು. ಈ ಧೂಳಲ್ಲಿ ಬಂದೂಕನ್ನು ಹೇಗೆ ಕಾಪಾಡ್ತಿದ್ರಿ ಅಂತ ಒಂದ್ಸಲ ಮಾಡಿ ತೋರಿಸಿ, ವಿಡಿಯೋ ಮಾಡಿ ಫ್ಯಾಕ್ಟರಿಗೆ ಕಳಿಸ್ತೀನಿ. ಅಲ್ಲಿಯವರು ನೋಡಿದರೆ ನಿಮ್ಮ ವಿಷಯಾನೂ ಸರಿಹೋಗಬಹುದು," ಎಂದ.

'ಸರ್' ಎಂದು ಕರೆಸಿಕೊಳ್ಳದೆ ಎಷ್ಟೋ ದಿನವಾಗಿತ್ತು ಅವರಿಗೆ. ಬೆನ್ನು ನೆಟ್ಟಗಾಯಿತು. ಚೀಲದಿಂದ ಹಗ್ಗ ತೆಗೆದು, ಪ್ರದರ್ಶನಕ್ಕಿಟ್ಟಿದ್ದ ರೈಫಲನ್ನೇ ಬಿಚ್ಚಿ, ಒಂದೊಂದನ್ನೂ ನಿಧಾನವಾಗಿ ತೋರಿಸಿದರು. ಹಿಂದಿನಿಂದ ಇಳಿಬಿಡಬೇಕು, ಬಾಯಿಂದ ಎಳೆಯಬೇಕು, ಬಿಳಿ ಬರುವ ತನಕ ಬಿಡಬಾರದು. ಎಣ್ಣೆ ಎಷ್ಟು, ಎಲ್ಲಿ. ಕೊನೆಗೆ ದಸರಾದ ವಿಷಯವನ್ನೂ ಹೇಳಿದರು, "ಪೂಜಾ ಮಾಡಬ್ಯಾಡ್ರಿ ಅಂದ್ರ ಯಾರೂ ಕೇಳಂಗಿಲ್ರಿ. ಕುಂಕುಮ ಮರದ ಮ್ಯಾಲಷ್ಟೇ ಹಚ್ರಿ ಅನ್ರಿ, ಕೇಳ್ತಾರ." ಅವನು ಮೊಬೈಲು ಹಿಡಿದು ಹೂಂ ಹೂಂ ಎಂದ. ನಾನೂ ನಂಬಿದೆ. ಅಪ್ಪನ ಪಾಠ ಪೊಟ್ಟಣಕ್ಕೆ ಹಿಂದು ಮುಂದು ಎರಡಿವೆ ಎಂದು ಹೇಳಿತ್ತು, ಮನುಷ್ಯನನ್ನು ಬೋರಲು ಹಾಕಿ ಓದುವುದು ಹೇಗೆಂದು ಹೇಳಿರಲಿಲ್ಲ.

ಆಮೇಲೆ ಏಜೆನ್ಸಿಗೆ ಯಾವ ಸಾಲೂ ಬರಲಿಲ್ಲ. ಫೋನು ಹಚ್ಚಿದರೆ ಅದೇ ಜೇನಿನ ದನಿ, ನಿಮ್ಮ ದೂರು ನಮಗೆ ಮುಖ್ಯ ಎನ್ನುತ್ತಿತ್ತು. ಇವರು ಗೇಟಿನಲ್ಲಿ ಸೀಟಿ ಊದುತ್ತಲೇ ಇದ್ದರು. ಮಳೆಗಾಲ ಇನ್ನೊಂದು ಬಂದು ಹೋಯಿತು.

ಒಂದು ದಿನ ನನ್ನ ಮೊಬೈಲಿಗೆ ಯಾವುದೋ ಗುಂಪಿನಿಂದ ಒಂದು ವಿಡಿಯೋ ಬಂತು. ಕಂಪನಿಯ ಹೊಸ ಮಾದರಿಯ ಜಾಹೀರಾತು. ಸಂಡೂರಿನ ಅದಿರು ಧೂಳಿನಲ್ಲಿ, ನಿಜವಾದ ಕಾವಲುಗಾರರ ಕೈಯಲ್ಲಿ, ತಿಂಗಳುಗಟ್ಟಲೆ ಪರೀಕ್ಷಿಸಿದ ರೈಫಲ್! ಜೊತೆಗೆ ಉಚಿತವಾಗಿ ಶುಚಿಗೊಳಿಸುವ ಕಿಟ್: ಹಗ್ಗ, ಬಿಳಿ ಬಟ್ಟೆ, ಎಣ್ಣೆಯ ಬುಡ್ಡಿ. ಆಮೇಲೆ ನಿರ್ವಹಣೆಯ ಸಲಹೆ ಶುರುವಾಯಿತು. ಪರದೆಯ ತುಂಬ ಎರಡು ಕೈ. ಹಗ್ಗ ಹಿಂದಿನಿಂದ ಇಳಿಯಿತು, ಬಾಯಿಂದ ಎಳೆಯಲ್ಪಟ್ಟಿತು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೈನ್ಯದಲ್ಲಿದ್ದಾಗ ಟ್ರಕ್ಕಿನ ಬಾಗಿಲಿಗೆ ಸಿಕ್ಕಿ ಸೀಳಿದ ಉಗುರು ಅದು, ನಾನು ಎಣ್ಣೆ ಹಚ್ಚಿದ ಉಗುರು. ಮುಖ ಎಲ್ಲೂ ಇಲ್ಲ. ಹಿಂದಿನ ದನಿ ಬೇರೆ ಯಾರದೋ, ಬೆಂಗಳೂರಿನ ನಯವಾದ ಕನ್ನಡ: "ಪೂಜೆಯ ಸಂದರ್ಭದಲ್ಲಿ ಕುಂಕುಮವನ್ನು ಮರದ ಭಾಗಕ್ಕೆ ಮಾತ್ರ ಹಚ್ಚಿ. ಇದು ನಮ್ಮ ತಜ್ಞರ ಸಲಹೆ."

ಇವರ ಕೈಯಲ್ಲಿ ಕೆಟ್ಟ ಬಂದೂಕು ಕಂಪನಿಯ ಪರೀಕ್ಷೆಯಾಯಿತು, ಕಂಪನಿಯವರು ಬಿಡಿಸಿದ ಇವರ ಅಭ್ಯಾಸ ಅವರದೇ ಕಿಟ್ ಆಯಿತು. ಇವರ ಪಾಲಿಗೆ ಉಳಿದದ್ದು ನಿರ್ಲಕ್ಷ್ಯ ಎಂಬ ಒಂದೇ ಶಬ್ದ. ಡ್ಯೂಟಿ ಮುಗಿಸಿ ಒಳಗೆ ಬಂದವರ ಮುಖದ ಮುಂದೆ ಮೊಬೈಲು ಹಿಡಿದೆ.

ಅವರು ನೋಡಲಿಲ್ಲ. "ನೋಡೀನಿ," ಎಂದರು. ಅವತ್ತು ಬೆಳಿಗ್ಗೆಯೇ ಸೂಪರ್‌ವೈಜರ್ ಗನ್‌ಮ್ಯಾನ್‌ಗಳನ್ನೆಲ್ಲ ಗೇಟಿನ ಕೋಣೆಯ ಮುಂದೆ ಕೂಡಿಸಿ ಅದೇ ವಿಡಿಯೋ ತೋರಿಸಿದ್ದನಂತೆ. "ನೋಡ್ರಲೇ, ಬಂದೂಕಂದ್ರ ಹಿಂಗ ಇಟ್ಕೋಬೇಕು. ಆ ಕೈ ನೋಡ್ರಿ, ಎಷ್ಟು ನಾಜೂಕ ಐತಿ," ಎಂದು, ಆಮೇಲೆ ಗೇಟಿನ ಕಡೆ ಬೊಟ್ಟು ಮಾಡಿ, "ಅಲ್ಲಿ ನಿಂತಾನಲ್ಲ, ಅವನಂಗ ಇಟ್ಕೊಂಡ್ರ ಅವನಂಗೇ ಸೀಟಿ ಊದ್ತೀರಿ," ಎಂದನಂತೆ.

"ನೀವೇನಂದ್ರಿ?" ಎಂದು ಕೇಳಿದೆ.

"ಲಾರಿ ಬಂತು. ಗೇಟು ಎತ್ತಿದೆ."

"ಅದು ನನ್ನ ಕೈ ಅಂತ ಹೇಳಬೇಕಿಲ್ಲೇನ್ರಿ?"

"ಹೇಳಿದ್ರ ಯಾರು ನಂಬ್ತಾರ? ಕೈ ನಂದು, ವಿಡಿಯೋ ಕಂಪನೀದು," ಎಂದರು.

ಆಮೇಲೆ ಗೋಣಿತಾಟು ಹಾಸಿದರು. ರೈಫಲ್ ಈಗ ಮನೆಯಿಂದ ಎಲ್ಲಿಗೂ ಹೋಗುವುದಿಲ್ಲ, ಗೇಟಿನವನಿಗೆ ಬಂದೂಕಿಲ್ಲ. ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸಿ ಬರುವುದೇ ಅದರ ಪ್ರಯಾಣ. ಆದರೂ ಟ್ರಂಕಿನ ಹಗ್ಗ ಹೊರಬಂದ ದಿನದಿಂದ ಅದು ಮನೆಯಲ್ಲಿದ್ದ ಒಂದು ಸಂಜೆಯನ್ನೂ ಅವರು ತಪ್ಪಿಸಿಲ್ಲ. ಹಗ್ಗ ಇಳಿಯಿತು, ಚಿಂದಿ ಬಂತು. ಮೊದಲನೆಯದೇ ಬಿಳಿ. ಧೂಳು ಎಲ್ಲಿಂದ ಬರಬೇಕು? ಅದನ್ನು ಎರಡೂ ಕೈಯಲ್ಲಿ ಬಿಡಿಸಿ ಎದೆಯ ಮುಂದೆ ಎತ್ತಿ ಹಿಡಿದು, ಈ ಸಲ ಬೆಳಕಿನ ಕಡೆ ತಿರುಗದೆ, ನನ್ನ ಕಡೆ ತಿರುಗಿ ನಿಂತರು. ಬೆನ್ನು ನೆಟ್ಟಗಿತ್ತು. ಹಾಗೇ ನಿಂತು ಕಾದರು. ಬಂದೂಕಿನ ವಿಷಯ ಗೊತ್ತಿಲ್ಲದ ಬೀಜದ ಅಂಗಡಿಯ ಮಗಳು ನಾನು, ಚಿಂದಿಯನ್ನು ಮುಂದೆ ನೋಡಿದೆ, ಹಿಂದೆ ತಿರುವಿ ನೋಡಿದೆ. ಎರಡೂ ಕಡೆ ಒಂದೇ ಇತ್ತು.

"ಸ್ವಚ್ಛ ಐತ್ರಿ," ಅಂದೆ. ಅವರು ತಲೆಯಾಡಿಸಿ ಕೈಕಾಲು ತೊಳೆಯಲು ಹೋದರು.